ಅಪ್ಪನ ಎದೆಯ ನೀರು

ಫೆಬ್ರುವರಿಯ ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರೂ ರೋಗ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಬಂದು ಬೀಳುವ ಕಾಲವದು. ಪ್ರಾಂಗಣದೊಳಗೆ ಕಾಲಿಟ್ಟರೆ ಮೂಗು, ಗಂಟಲು, ಕಣ್ಣು ಮೂರೂ ಒಟ್ಟಿಗೆ ಉರಿಯುತ್ತವೆ. ಹೊರಗಿನಿಂದ ಬಂದವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಸೀನುತ್ತ ನಿಂತರೆ ಹಮಾಲರಿಗೆ ನಗು. ನಮ್ಮಪ್ಪ ಅಲ್ಲಿಯ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷದಿಂದ ಲೆಕ್ಕ ಬರೆಯುವವ. ಹಾಗಾಗಿ ಈ ಸಲ ಅವನಿಗೆ ಕೆಮ್ಮು ಹತ್ತಿ ಕಣ್ಣು ಕೆಂಪಾದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಘಾಟಿಗೆ ಅಂಜಿದವ ಬ್ಯಾಡಗ್ಯಾಗ ಬಾಳೆ ಮಾಡ್ತಾನೇನು?" ಅಂತ ಅವನೇ ಅಂದನಂತೆ.

ಘಾಟಿನಿಂದ ಜ್ವರ ಬರುವುದಿಲ್ಲ ಅನ್ನುವುದು ಐದನೆಯ ದಿನ ಅವ್ವನಿಗೆ ಹೊಳೆಯಿತು. ಫೋನ್ ಮಾಡಿ, "ನಿಮ್ಮಪ್ಪಗ ಜ್ವರ ಬಿಟ್ಟ ಬಿಟ್ಟ ಬರಾಕತ್ತಾವು. ಉಸರ ಎಳಕೊಂಡ್ರ ಬಲಪಕ್ಕಿ ಚುಚ್ಚತೈತಿ ಅಂತಾರ. ಪಕ್ಕಿ ಹಿಡದೈತೇನೋ ಅಂತ ಎಣ್ಣಿ ತಿಕ್ಕೇನಿ, ಉಪ್ಪಿನ ಗಂಟಿಲೆ ಕಾಸೇನಿ, ಏನ ಮಾಡಿದ್ರೂ ಬಗ್ಗವಲ್ದು" ಅಂದಳು. ಊರಿನಲ್ಲೇ ಎಕ್ಸ್-ರೇ ತೆಗೆಸಿದರು. ಅದರ ಫೋಟೊ ನನ್ನ ಮೊಬೈಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಎಕ್ಸ್-ರೇ ಓದಲು ಬರುವುದಿಲ್ಲ. ಆದರೆ ಎಡಕ್ಕೂ ಬಲಕ್ಕೂ ಸಮಮಿತಿ ಇಲ್ಲ ಅನ್ನುವುದು ನನಗೂ ಕಂಡಿತು. ಎಡಗಡೆ ಕೆಳಗಿನ ಮೂಲೆ ಚೂಪಾಗಿ ಕಪ್ಪಗಿತ್ತು. ಬಲಗಡೆಯ ಮೂಲೆ ಇರಲೇ ಇಲ್ಲ, ಬೆಳ್ಳಗೆ ತುಂಬಿಹೋಗಿತ್ತು.

"ನೀರು ತುಂಬೈತಿ. ನಮ್ಮ ಕಡೆ ಹಿಂಗ ಒಂದ ಬಾಜೂ ನೀರ ತುಂಬಿತಂದ್ರ ಹೆಚ್ಚಾಗಿ ಟಿಬಿನ. ಗುಳಿಗಿ ಚಾಲೂ ಮಾಡೂಣ, ಆರ ತಿಂಗಳು" ಎಂದು ಅಲ್ಲಿಯ ವೈದ್ಯರು ಹೇಳಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ದೇಶದಲ್ಲಿ ಆ ಊಹೆ ಬಹಳ ಸಲ ಸರಿಯೇ ಇರುತ್ತದೆ ಎಂದು ಆಮೇಲೆ ಗೊತ್ತಾಯಿತು. ನನಗೆ ಸಿಟ್ಟು ಬಂದದ್ದು ಮನೆಯವರ ಮೇಲೆ. ಸಂಜೆಯೊಳಗೆ ಅಪ್ಪನ ತಾಟು, ಚರಿಗೆ, ಹಾಸಿಗೆ ಎಲ್ಲ ಬೇರೆಯಾದವು. ಪಡಸಾಲೆಯ ಮೂಲೆಗೆ ಹೊರಸು ಹೋಯಿತು. ಎದುರುಮನೆ ಕಾಕು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದಳು. ಮೂವತ್ತೆಂಟು ವರ್ಷ ಊರಿನವರ ಲೆಕ್ಕ ಬರೆದವನನ್ನು ಊರು ಒಂದು ಮಧ್ಯಾಹ್ನದಲ್ಲಿ ಖಾತೆಯಿಂದ ತೆಗೆದುಹಾಕಿತ್ತು.

ಮರುದಿನ ಬೆಳಗಿನ ರೈಲಿಗೆ ಹತ್ತಿಸಿ ಹುಬ್ಬಳ್ಳಿಗೆ ಕರೆಸಿಕೊಂಡೆ.

ವಿದ್ಯಾನಗರದ ಕಡೆ ಇರುವ ಒಂದು ಚಿಕ್ಕ ಆಸ್ಪತ್ರೆ. ಎದೆರೋಗದ ಡಾಕ್ಟರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಎಕ್ಸ್-ರೇ ನೋಡುವ ಮೊದಲೇ ಅಪ್ಪನ ಅಂಗಿ ಬಿಚ್ಚಿಸಿ ಬೆನ್ನಿನ ಮೇಲೆ ಎಡಗೈ ಬೆರಳಿಟ್ಟು ಬಲಗೈ ಬೆರಳಿನಿಂದ ಬಡಿಯತೊಡಗಿದರು. ಮೇಲೆ ಟೊಳ್ಳು ಶಬ್ದ, ಕೆಳಗೆ ಇಳಿದಂತೆ ಮಂದ ಶಬ್ದ. ಅಪ್ಪ ತಿರುಗದೇ ಅಂದ: "ಎಣ್ಣಿ ಡಬ್ಬಿ ಬಡದ ನೋಡಿದಂಗಾತಲ್ರಿ ಬಾಯಾರ."

"ಹೌದ್ರಿ ಯಜಮಾನ್ರ, ಎಲ್ಲೀತನಕ ತುಂಬೈತಿ ಅಂತ ತಿಳೀತೈತಿ ನೋಡ್ರಿ" ಅಂದು ಅವರು ನಕ್ಕರು. ಅಪ್ಪನಿಗೆ ಅವರ ಮೇಲೆ ನಂಬಿಕೆ ಕುಳಿತದ್ದು ಅಲ್ಲೇ ಅನ್ನಿಸುತ್ತದೆ.

ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಎರಡು ಪದರದ ತೆಳ್ಳನೆಯ ಪೊರೆ ಇರುತ್ತದಂತೆ. ಉಸಿರಾಡುವಾಗ ಅವು ಒಂದರ ಮೇಲೊಂದು ಜಾರಲಿ ಅಂತ ನಡುವೆ ಎರಡು ಮೂರು ಚಮಚದಷ್ಟು ನೀರು ಎಲ್ಲರಿಗೂ ಇದ್ದೇ ಇರುತ್ತದೆ. ಪೊರೆಗೆ ಬಾವು ಬಂದರೆ ಪದರಗಳು ಉಜ್ಜಿಕೊಂಡು ಉಸಿರೆಳೆದಾಗಲೆಲ್ಲ ಚುಚ್ಚುತ್ತದೆ, ನೀರೂ ಹೆಚ್ಚುತ್ತದೆ. ಎಕ್ಸ್-ರೇಯಲ್ಲಿ ಮೂಲೆ ಮುಚ್ಚಿಹೋಗಿ ಕಾಣಬೇಕಾದರೆ ಸುಮಾರು 200 ಮಿಲಿ ಸೇರಿರಬೇಕು. ಸೋನೋಗ್ರಫಿ ಅದಕ್ಕಿಂತ ಕಡಿಮೆ ಇದ್ದರೂ ಹಿಡಿಯುತ್ತದೆ. ಅಪ್ಪನದನ್ನು ಸೋನೋಗ್ರಫಿಯಲ್ಲಿ ನೋಡಿ 400 ಮಿಲಿ ಆಸುಪಾಸು ಎಂದರು. ಪರದೆಯ ಮೇಲೆ ಬೂದುಬಣ್ಣದ ಶ್ವಾಸಕೋಶದ ಕೆಳಗೆ ಒಂದು ಕರಿಯ ಮಡು, ಉಸಿರಿನ ಜೊತೆ ಅದರ ದಂಡೆ ಮೇಲೆ ಕೆಳಗೆ ಆಡುತ್ತಿತ್ತು.

ನೀರು ಯಾಕೆ ಬಂತು ಅನ್ನುವುದೇ ಪ್ರಶ್ನೆ. ಸೂಜಿ ಹಾಕಿ ತೆಗೆದು ನೋಡಬೇಕು ಎಂದರು. ಇಲ್ಲಿ ಅಪ್ಪ ಹಟ ಹಿಡಿದ. "ನೀರ ತಗದ ಮ್ಯಾಲ ಮನಷ್ಯಾ ಉಳಿಯೂದಿಲ್ಲ" ಅನ್ನುವ ಮಾತು ನಮ್ಮ ಕಡೆ ಬಲವಾಗಿದೆ. ಅದಕ್ಕೆ ಕಾರಣ, ಹಿಂದೆ ನೀರು ತೆಗೆಸುವ ಹೊತ್ತಿಗೆ ರೋಗಿ ಕೊನೆಯ ಹಂತಕ್ಕೆ ಬಂದಿರುತ್ತಿದ್ದ. ಅರ್ಧ ತಾಸು ಹೇಳಿದರೂ ಜಗ್ಗಲಿಲ್ಲ. ಕಡೆಗೆ ಡಾಕ್ಟರೇ, "ಯಜಮಾನ್ರ, ಚೀಲ ಬಿಚ್ಚಿ ಒಂದ ಹಿಡಿ ಮಾಲು ನೋಡ್ಲಾರದ ನೀವು ರೇಟ್ ಹಾಕ್ತೀರೇನು?" ಅಂದರು. ಅಪ್ಪ ಸುಮ್ಮನೆ ಹೆಬ್ಬೆಟ್ಟಿನ ಶಾಯಿಗೆ ಕೈ ಚಾಚಿದ. ಸಹಿ ಮಾಡಲು ಬರುವವ ಅನ್ನುವುದನ್ನೇ ಮರೆತಿದ್ದ.

ಮುಂದಿನ ಹದಿನೈದು ನಿಮಿಷ ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಂಚದ ಅಂಚಿಗೆ ಕೂರಿಸಿ, ಮುಂದೆ ಊಟದ ಮೇಜು ಸರಿಸಿ, ಅದರ ಮೇಲೆ ದಿಂಬಿಟ್ಟು ಅದನ್ನು ತಬ್ಬಿಕೊಳ್ಳಲು ಹೇಳಿದರು. ನಾನು ಎದುರಿಗೆ ಕುಳಿತು ಅವನ ಕೈ ಹಿಡಿದೆ. ಸೋನೋಗ್ರಫಿ ನೋಡಿ ಬೆನ್ನ ಮೇಲೆ ಪೆನ್ನಿನಿಂದ ಗುರುತು ಹಾಕಿದ್ದರು. ಅದರ ಸುತ್ತ ಕಂದು ಔಷಧಿ ಬಳಿದು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಪ್ರತಿ ಪಕ್ಕೆಲುಬಿನ ಕೆಳ ಅಂಚಿಗೆ ಅಂಟಿಕೊಂಡು ರಕ್ತನಾಳ, ನರ ಹರಿಯುತ್ತವೆ. ಅವಕ್ಕೆ ತಾಗದ ಹಾಗೆ ಸೂಜಿ ಯಾವಾಗಲೂ ಕೆಳಗಿನ ಎಲುಬಿನ ಮೇಲಂಚನ್ನು ಸವರಿಕೊಂಡೇ ಒಳಗೆ ಹೋಗಬೇಕಂತೆ. ಜೊತೆಗಿದ್ದ ಕಿರಿಯ ಡಾಕ್ಟರಿಗೆ ಅವರು ಇದನ್ನು ಹೇಳಿಕೊಡುತ್ತಿದ್ದರು. ನಾನೂ ಕಲಿತೆ.

"ಕೆಮ್ಮಬ್ಯಾಡ್ರಿ, ಅಳಗಾಡಬ್ಯಾಡ್ರಿ."

ಕೆಮ್ಮಿಗಾಗಿ ಆಸ್ಪತ್ರೆಗೆ ಬಂದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಪ್ಪ ನನ್ನ ಬೆರಳು ಹಿಂಡಿದ ರೀತಿಗೆ ಉಂಗುರ ಒತ್ತಿ ಎರಡು ದಿನ ಗುರುತು ಉಳಿಯಿತು. ಸಿರಿಂಜಿನೊಳಗೆ ನೀರು ಏರತೊಡಗಿತು. ನಾನು ರಕ್ತವನ್ನೋ ಕೀವನ್ನೋ ನಿರೀಕ್ಷಿಸಿದ್ದೆ. ಬಂದದ್ದು ಕುಸುಬೆ ಎಣ್ಣೆಯ ಬಣ್ಣದ, ತಿಳಿಯಾದ, ಬೆಳಕು ಹಾಯುವ ನೀರು. ಅಪ್ಪನಿಗೆ ತೋರಿಸಿದರೆ, "ಛಲೋ ಗಾಣದ ಎಣ್ಣಿ ಐತಲ್ಲ" ಅಂದ. 60 ಮಿಲಿ ತೆಗೆದು ಸೂಜಿ ಹೊರಗೆಳೆದರು. ದಮ್ಮು ಹತ್ತಿಲ್ಲವಾದ್ದರಿಂದ ಪೂರ್ತಿ ತೆಗೆಯುವ ಅಗತ್ಯವಿಲ್ಲ, ಉಳಿದದ್ದು ತಾನಾಗಿ ಇಂಗುತ್ತದೋ ನೋಡೋಣ ಎಂದರು. ಅದೇ ಹೊತ್ತಿಗೆ ತೋಳಿನಿಂದ ರಕ್ತವನ್ನೂ ತೆಗೆದರು. ಯಾಕೆಂದು ಕೇಳಿದ್ದಕ್ಕೆ, "ನೀವು ಗಣಿತದ ಟೀಚರ್ ಅಲ್ಲೇನ್ರಿ? ಭಾಗಾಕಾರ ಐತಿ, ಆಮ್ಯಾಲ ಹೇಳ್ತೀನಿ" ಅಂದರು.

ಆ ಆಸ್ಪತ್ರೆಯಲ್ಲಿ ದೊಡ್ಡ ಲ್ಯಾಬ್ ಇರಲಿಲ್ಲ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ಟ್ಯೂಬುಗಳನ್ನು ನಿಲ್ಲಿಸಿ, ಚೀಟಿ ಅಂಟಿಸಿ ನನ್ನ ಕೈಗೆ ಕೊಟ್ಟರು. ನಮ್ಮ ಊರುಗಳಲ್ಲಿ ರೋಗಿಯ ಜೊತೆಗಿದ್ದವರು ಅರ್ಧ ಕಂಪೌಂಡರ್ ಆಗಲೇಬೇಕು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ ಹತ್ತಿದೆ. ಎಸಿ ಬಸ್ಸು, ಸ್ಯಾಂಪಲ್ಲಿಗೆ ಒಳ್ಳೆಯದೇ ಆಯಿತು. ಪಕ್ಕದಲ್ಲಿ ಕುಳಿತ ಹುಡುಗಿ, "ಆಂಟಿ, ಐಸ್‌ಕ್ರೀಮ್ ಏನ್ರಿ?" ಅಂತ ಕೇಳಿದಳು. ಹೂಂ ಅಂದೆ. ಅಪ್ಪನ ಎದೆಯ ನೀರು ಅಂತ ಹೇಗೆ ಹೇಳಲಿ.

ಲ್ಯಾಬಿನ ಹುಡುಗ ಟ್ಯೂಬನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ. "ಇದರಾಗ ಬಲಿ ಕಟ್ಟೈತ್ರಿ ಮೇಡಮ್." ನಿಜ, ತಿಳಿನೀರಿನ ನಡುವೆ ಜೇಡರ ಬಲೆಯಂಥ ಬಿಳಿ ಎಳೆ ತೇಲುತ್ತಿತ್ತು. ಬಾವಿನಿಂದ ಬಂದ ನೀರಿಗೂ ರಕ್ತದ ಹಾಗೆ ಹೆಪ್ಪುಗಟ್ಟುವ ಗುಣ ಇರುತ್ತದೆ. ಜೀವಕೋಶ ಎಣಿಸುವ ಟ್ಯೂಬಿನಲ್ಲಿ ಅದನ್ನು ತಡೆಯುವ ಔಷಧಿ ಇರಬೇಕು. ಅದು ನೇರಳೆ ಮುಚ್ಚಳದ್ದು. ವಾರ್ಡಿನಲ್ಲಿ ಯಾರೋ ಅವಸರದಲ್ಲಿ ನನ್ನ ಡಬ್ಬಿಯದನ್ನೆಲ್ಲ ಸಾದಾ ಟ್ಯೂಬಿಗೆ ತುಂಬಿದ್ದರು. ಕೋಶಗಳೆಲ್ಲ ಬಲೆಯಲ್ಲಿ ಸಿಕ್ಕಿಬಿದ್ದರೆ ಎಣಿಸುವುದೇನನ್ನು? ಇನ್ನೊಮ್ಮೆ ಸೂಜಿ ಅಂದರೆ ಅಪ್ಪ ಓಡಿಯೇ ಹೋಗುತ್ತಾನೆ ಅಂತ ನನ್ನ ಕೈಕಾಲು ತಣ್ಣಗಾದವು. ಫೋನ್ ಮಾಡಿದೆ. ಡಾಕ್ಟರು ಇಂಥದ್ದೆಲ್ಲ ಕಂಡವರು, ನೇರಳೆ ಮುಚ್ಚಳದ ಒಂದು ಟ್ಯೂಬನ್ನು ಫ್ರಿಜ್ಜಿನಲ್ಲಿ ತೆಗೆದಿಟ್ಟಿದ್ದರು. ಮತ್ತೆ ಚಿಗರಿ, ಮತ್ತೆ ಡಬ್ಬಿ. ಆ ದಿನ ನಾನು ಚಿಗರಿಯ ಬಿಆರ್‌ಟಿಎಸ್ ದಾರಿಯಲ್ಲಿ ನಾಲ್ಕು ಸಲ ಓಡಾಡಿದೆ. ಟಿಬಿ ರೋಗಾಣುವನ್ನೇ ಹುಡುಕುವ ಸೀಬಿನ್ಯಾಟ್ ಪರೀಕ್ಷೆಗೆ ಮಾತ್ರ ಒಂದು ಪಾಲನ್ನು ಸರ್ಕಾರಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.

ವರದಿಗಳು ಎರಡು ದಿನ ಒಂದೊಂದಾಗಿ ಬಂದವು. ಮೊದಲು ಭಾಗಾಕಾರ. ನೀರಿನಲ್ಲಿ ಪ್ರೋಟೀನ್ 4.1, ರಕ್ತದಲ್ಲಿ 6.8. ಭಾಗಿಸಿದರೆ 0.6. ಎಲ್‌ಡಿಎಚ್ ಅನ್ನುವ ಕಿಣ್ವ ನೀರಿನಲ್ಲಿ 240, ರಕ್ತದಲ್ಲಿ 310, ಭಾಗಲಬ್ಧ 0.77. ರಿಚರ್ಡ್ ಲೈಟ್ ಅನ್ನುವ ಅಮೆರಿಕದ ವೈದ್ಯರು 1972ರಲ್ಲಿ ಹಾಕಿಕೊಟ್ಟ ಲೆಕ್ಕದ ಮುಖ್ಯ ಭಾಗ ಇದು. ಪ್ರೋಟೀನಿನ ಅನುಪಾತ 0.5 ದಾಟಿದರೆ, ಇಲ್ಲವೇ ಎಲ್‌ಡಿಎಚ್ ಅನುಪಾತ 0.6 ದಾಟಿದರೆ, ಆ ನೀರು ಪೊರೆಯ ಬಾವಿನಿಂದ ಒಸರಿದ್ದು. ಹಾಗಲ್ಲದಿದ್ದರೆ ಹೆಚ್ಚಾಗಿ ಹೃದಯ, ಮೂತ್ರಪಿಂಡ, ಲಿವರ್ ಕಡೆಯ ತೊಂದರೆಯಿಂದ ಜಿನುಗಿದ್ದು. ಐವತ್ತು ವರ್ಷ ದಾಟಿದ ಎರಡು ಭಾಗಾಕಾರಗಳ ಮೇಲೆ ಇವತ್ತಿಗೂ ಡಾಕ್ಟರುಗಳು ದಾರಿ ಆರಿಸುತ್ತಾರೆ ಅಂತ ತಿಳಿದು ಗಣಿತದವಳಾದ ನನಗೆ ಒಳಗೊಳಗೇ ಹೆಮ್ಮೆ. ಹತ್ತನೆಯ ತರಗತಿಯ ಹುಡುಗರು "ಅನುಪಾತ ಯಾತಕ್ಕ ಉಪಯೋಗ ಬರತೈತ್ರಿ ಟೀಚರ್" ಅಂತ ಕೇಳಿದಾಗ ಇನ್ನುಮುಂದೆ ಬಡ್ಡಿಯ ಉದಾಹರಣೆ ಕೊಡಬೇಕಿಲ್ಲ.

ಅಲ್ಲಿಗೆ ಹೃದಯದ ಮೇಲಿನ ಅನುಮಾನ ಹೋಯಿತು. ಹೃದಯದ ಸ್ಕ್ಯಾನ್, ಎಕೋ ಕೂಡ ಚೆನ್ನಾಗಿತ್ತು. ನೀರಿನಲ್ಲಿ ಸಕ್ಕರೆ ಅಂಶ 92, ಕೀವು ತುಂಬುವ ಸೋಂಕಾಗಿದ್ದರೆ ಅದು ಕುಸಿದಿರುತ್ತಿತ್ತು. ಕೋಶಗಳಲ್ಲಿ ನೂರಕ್ಕೆ ಎಪ್ಪತ್ತೈದು ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ. ಇದನ್ನು ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಟಿಬಿಯಲ್ಲೂ ಹೀಗೇ ಇರುತ್ತದೆ, ಕ್ಯಾನ್ಸರಿನಲ್ಲೂ ಇರುತ್ತದೆ, ವೈರಸ್ಸಿನಲ್ಲೂ ಇರುತ್ತದೆ.

ಸಂಜೆ ಎಡಿಎ ಬಂತು, 24. ಟಿಬಿಯಲ್ಲಿ ಈ ಕಿಣ್ವ ಏರುತ್ತದೆ, ನಮ್ಮಲ್ಲಿ 40ನ್ನು ಗೆರೆಯಾಗಿ ಹಿಡಿಯುತ್ತಾರೆ. ಮರುದಿನ ಸೀಬಿನ್ಯಾಟ್, ಇಲ್ಲ. ಕ್ಯಾನ್ಸರ್ ಕೋಶ, ಇಲ್ಲ. ನಾನು ಮೂರೂ ಕಾಗದ ಮೇಜಿನ ಮೇಲೆ ಹರವಿ, "ಮೂರೂ ಇಲ್ಲ ಅಂತ ಬಂದಾವು, ಟಿಬಿ ಇಲ್ಲ ಅಂದಂಗಾತಲ್ರಿ?" ಅಂದೆ.

"ಎಲ್ಲಾ ಇಲ್ಲಗಳ ತೂಕ ಒಂದ ಇರೂದಿಲ್ರಿ ಟೀಚರ್" ಅಂದರು ಅವರು. ಎಡಿಎ ಕಡಿಮೆ ಬಂದರೆ ಆ "ಇಲ್ಲ" ಭಾರದ್ದು, ಟಿಬಿಯನ್ನು ಬಹಳ ದೂರ ತಳ್ಳುತ್ತದೆ. ಸೀಬಿನ್ಯಾಟಿನ "ಇಲ್ಲ" ಹಗುರದ್ದು. ಪೊರೆಯ ಟಿಬಿಯಲ್ಲಿ ನೀರಿನೊಳಗೆ ರೋಗಾಣುಗಳೇ ವಿರಳ, ಇದ್ದರೂ ಸಿಕ್ಕದೇ ಹೋಗುತ್ತವೆ. "ಹೌದು" ಎಂದು ಬಂದರೆ ಮಾತ್ರ ಅದಕ್ಕೆ ಬೆಲೆ. ಕ್ಯಾನ್ಸರ್ ಕೋಶದ "ಇಲ್ಲ" ನಡುವಿನದು. ಒಂದು ಸಲ ಸಿಗಲಿಲ್ಲವೆಂದು ಬಿಡುವಂತಿಲ್ಲ, ನೀರು ಇಂಗದೇ ನಿಂತರೆ ಮತ್ತೆ ನೋಡಬೇಕು. ಹಾಸಿಗೆಯ ಮೇಲೆ ಕುಳಿತು ಕೇಳುತ್ತಿದ್ದ ಅಪ್ಪನಿಗೆ ಇದು ನನಗಿಂತ ಮೊದಲು ತಿಳಿಯಿತು. "ತಕ್ಕಡಿ ನೋಡಿ ತೂಕ ನಂಬಬೇಕು" ಅಂದ. ತಕ್ಕಡಿ ಯಾವುದು ಅಂತ ಗೊತ್ತಿಲ್ಲದೇ ಅವನು ಯಾವ ಚೀಲದ ಲೆಕ್ಕವನ್ನೂ ಬರೆದವನಲ್ಲ.

ಹಾಗಾದರೆ ಇದು ಏನು? "ವೈರಸ್ ಅನಸ್ತೈತ್ರಿ" ಅಂದರು. ಸರಿ, ನೀರಿನ್ನೂ ಉಳಿದಿದೆಯಲ್ಲ, ಅದರಲ್ಲೇ ವೈರಸ್ ಹುಡುಕಿಸಿ ಅಂತ ಗಂಟುಬಿದ್ದೆ. ನಾನೇ ಲ್ಯಾಬಿಗೆ ಫೋನ್ ಮಾಡಿ ವಿಚಾರಿಸಿದೆ ಕೂಡ. ಅವರು ಖಡಾಖಂಡಿತ ಆಗಲ್ಲ ಅಂದರು. ಹತ್ತಾರು ವೈರಸ್ಸುಗಳನ್ನು ಒಮ್ಮೆಲೇ ಹುಡುಕುವ ಆ ಪಿಸಿಆರ್ ಕಿಟ್ ಮೂಗು-ಗಂಟಲಿನ ಸ್ವಾಬಿಗಾಗಿ ಪರೀಕ್ಷಿಸಿ ತಯಾರಾದದ್ದು, ಎದೆಯ ನೀರು ಹಾಕಿದರೆ ಬರುವ ಉತ್ತರಕ್ಕೆ ತಾವು ಜವಾಬ್ದಾರರಲ್ಲ ಅಂತ. ದುಡ್ಡು ಕೊಡುತ್ತೇನೆಂದರೂ ಬೇಡವೆನ್ನುವ ಅಂಗಡಿಯನ್ನು ಹುಬ್ಬಳ್ಳಿಯಲ್ಲಿ ನಾನು ಮೊದಲ ಸಲ ಕಂಡೆ.

ಡಾಕ್ಟರು ಹೇಳಿದ್ದು ಇನ್ನೂ ನೇರ. ಇಂಥ ವೈರಸ್ಸು ಹೆಚ್ಚಾಗಿ ಬೆಳೆಯುವುದು ಮೂಗು, ಗಂಟಲು, ಶ್ವಾಸನಾಳಗಳ ಒಳಪದರದಲ್ಲಿ. ಪೊರೆಯಲ್ಲಿ ನೀರು ಸೇರುವುದು ಬಹಳ ಸಲ ಆ ಬೆಂಕಿಯ ಬಿಸಿಗೆ. ಪೊರೆಯಲ್ಲೇ ಬೆಂಕಿ, ಅಂದರೆ ವೈರಸ್, ಇರಲೇಬೇಕೆಂದಿಲ್ಲ. "ನೀರಿನ್ಯಾಗ ವೈರಸ್ ಇಲ್ಲ ಅಂತ ಬಂದ್ರ ಆ ಇಲ್ಲಕ್ಕ ನಾ ಒಂದ ಪೈಸಾ ಕಿಮ್ಮತ್ತ ಕೊಡೂದಿಲ್ಲ. ಕಿಮ್ಮತ್ತ ಇಲ್ಲದ ಉತ್ತರಕ್ಕ ನಿಮ್ಮ ರೊಕ್ಕ ಯಾಕ ಹಾಳ ಮಾಡ್ಲಿ?"

ಕಡೆಗೆ ಉದ್ದನೆಯ ಕಡ್ಡಿಯೊಂದನ್ನು ಅಪ್ಪನ ಮೂಗಿನೊಳಗೆ ತೂರಿಸಿ, ಹಿಂದಿನ ಗೋಡೆ ಮುಟ್ಟಿಸಿ, ತಿರುಗಿಸಿ ತೆಗೆದರು. ಬೆನ್ನಿನ ಸೂಜಿಗೆ ತುಟಿಪಿಟಕ್ಕೆನ್ನದವನ ಕಣ್ಣಲ್ಲಿ ಇದಕ್ಕೆ ದಳದಳ ನೀರು. ಕಡ್ಡಿಯನ್ನು ಗುಲಾಬಿ ದ್ರವದ ಟ್ಯೂಬಿಗೆ ಮುರಿದು ಹಾಕಿ, ಮತ್ತದೇ ಐಸ್ ಡಬ್ಬಿ, ಮತ್ತದೇ ನಾನು. ಒಂಬತ್ತು ಸಾವಿರದ ಮೇಲೆ ಚಿಲ್ಲರೆ. ಇದು ಬೇಕೇ ಬೇಕೆಂದೇನಿಲ್ಲ, ಕಾದು ನೋಡಿದರೂ ನಡೆಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಊರಲ್ಲಿ ಬೇರೆಯಾಗಿ ಕುಳಿತ ಆ ತಾಟಿಗಾಗಿ ನಾನು ಮಾಡಿಸಿದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ವರದಿ ಬಂತು. ಇನ್‌ಫ್ಲುಯೆಂಜಾ ಇಲ್ಲ, ಆರ್‌ಎಸ್‌ವಿ ಇಲ್ಲ, ಕೊರೋನಾ ಇಲ್ಲ. ಅಡಿನೋವೈರಸ್, ಹೌದು.

ಡಾಕ್ಟರು ಕಾಗದ ಕೆಳಗಿಟ್ಟು ಕೇಳಿದರು: "ಇವರಿಗೆ ಜ್ವರ ಬರೂಕಿಂತ ಮೊದಲ ಮನ್ಯಾಗ ಸಣ್ಣ ಹುಡುಗರಿಗೆ ಯಾರಿಗರೆ ಜ್ವರ, ಗಂಟಲ ಬ್ಯಾನಿ ಬಂದಿತ್ತೇನ್ರಿ? ಕಣ್ಣ ಬಂದಿದ್ದವೇನು?"

ನನ್ನ ಬಾಯಿ ಒಣಗಿತು. ಜನವರಿ 26ರ ಧ್ವಜಾರೋಹಣ ಮುಗಿಸಿ ನಾನು ಮಗನನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅಪ್ಪ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾರುಕಟ್ಟೆ ತೋರಿಸಲು ಒಯ್ದಿದ್ದ. ರಾತ್ರಿ ಹುಡುಗನ ಎರಡೂ ಕಣ್ಣು ಕೆಂಪಗೆ, ಮೈ ಬೆಚ್ಚಗೆ. ಮೆಣಸಿನಕಾಯಿ ಘಾಟು ಅಂತ ಎಲ್ಲರೂ ಅಂದೆವು. ಅವನ ಕಣ್ಣಿಗೆ ಹಾಲಿನ ಬಟ್ಟೆ ಇಟ್ಟು, ಪಕ್ಕದಲ್ಲಿ ಮಲಗಿಸಿಕೊಂಡು ರಾತ್ರಿಯಿಡೀ ಎಚ್ಚರವಿದ್ದವನು ಅಪ್ಪನೇ. ಹುಡುಗ ನಾಲ್ಕು ದಿನದಲ್ಲಿ ಆಡತೊಡಗಿದ, ನಾವು ಮರೆತೆವು. ಬೇರೆ ಊರಿನಲ್ಲಿ ಕಣ್ಣು ಕೆಂಪಾದರೆ ಯಾರಾದರೂ ಯೋಚಿಸುತ್ತಿದ್ದರೇನೋ. ಬ್ಯಾಡಗಿಯಲ್ಲಿ ಕೆಂಪು ಕಣ್ಣನ್ನು ಯಾರು ನೋಡುತ್ತಾರೆ?

ಜ್ವರ, ಗಂಟಲು, ಕಣ್ಣು ಮೂರನ್ನೂ ಒಟ್ಟಿಗೆ ಹಿಡಿಯುವುದು ಈ ವೈರಸ್ಸಿನ ಚಾಳಿಯಂತೆ. ಸೋಂಕು ತಗುಲಿ ಎರಡು ದಿನದಿಂದ ಎರಡು ವಾರದೊಳಗೆ ಯಾವಾಗ ಬೇಕಾದರೂ ತಲೆಯೆತ್ತುತ್ತದೆ. ಹಾಗಿದ್ದರೂ ಡಾಕ್ಟರು ಕೈ ತೊಳೆದುಕೊಂಡು "ಸಿಕ್ಕಿತು" ಅನ್ನಲಿಲ್ಲ. ಮೂಗಿನಲ್ಲಿ ವೈರಸ್ ಸಿಕ್ಕಿದ ಮಾತ್ರಕ್ಕೆ ಎದೆಯ ನೀರಿಗೂ ಅದೇ ಕಾರಣ ಅಂತ ಸಾಬೀತಾಗಲಿಲ್ಲ, ಎಲ್ಲ ಕೂಡಿಸಿ ನೋಡಿದರೆ ಹೊಂದುತ್ತದೆ, ಅಷ್ಟೇ ಎಂದರು. ನೀರು ಇಂಗಿದರೆ ನಂಬಿಕೆ ಗಟ್ಟಿ, ಇಂಗದಿದ್ದರೆ ಮತ್ತೆ ಮೊದಲಿನಿಂದ. ಈ ವೈರಸ್ಸಿಗೆ ಅಂತ ಕೊಡುವ ಗುಳಿಗೆ ಇಲ್ಲ. ಮೊದಲ ದಿನ ಶುರು ಮಾಡಿದ್ದ ಆಂಟಿಬಯಾಟಿಕ್ ನಿಲ್ಲಿಸಿ, ಜ್ವರಕ್ಕೂ ಪಕ್ಕೆ ನೋವಿಗೂ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಹೊರಡುವಾಗ ತಾಟಿನ ವಿಷಯ ಕೇಳಿದೆ. ಅವರಿಗೆ ಸಿಟ್ಟೇ ಬಂತು. ಟಿಬಿ ಆಗಿದ್ದರೂ ತಾಟಿನಿಂದ ಬರುವುದಿಲ್ಲ, ಶ್ವಾಸಕೋಶದೊಳಗೆ ಗಾಯವಿಲ್ಲದೇ ಬರೀ ಪೊರೆಯಲ್ಲಿರುವ ಟಿಬಿ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದೂ ಇಲ್ಲ ಅಂತ ಅವ್ವನಿಗೆ ಫೋನಿನಲ್ಲೇ ಹೇಳಿದರು. ಅವ್ವ ಹೂಂ ಅಂದಳು. ತಾಟು ಮಾತ್ರ ಅಪ್ಪ ಊರಿಗೆ ಹೋಗುವತನಕ ಬೇರೆಯೇ ಇತ್ತು.

ನವನಗರದ ನಮ್ಮ ಮನೆಯಲ್ಲಿ ಅಪ್ಪ ಎರಡು ವಾರ ಇದ್ದ. ಜ್ವರ ಮೂರು ದಿನದಲ್ಲಿ ಬಿಟ್ಟಿತು, ಕೆಮ್ಮು ಹಟ ಮಾಡಿತು. ಎರಡನೆಯ ಎಕ್ಸ್-ರೇಯಲ್ಲಿ ಬಲಗಡೆಯ ಮೂಲೆ ಮರಳಿ ಬಂದಿತ್ತು. ಎಡದಷ್ಟು ಚೂಪಿಲ್ಲ, ಆದರೂ ಮೂಲೆ ಅನ್ನಬಹುದಾದ ಮೂಲೆ.

ಒಂದು ಕಾಗದ ಬಾಕಿ ಇತ್ತು. ಟಿಬಿ ರೋಗಾಣು ನಿಧಾನವಾಗಿ ಬೆಳೆಯುವಂಥದ್ದು. ನೀರನ್ನು ಬೆಳೆಸಲು ಇಟ್ಟರೆ "ಇಲ್ಲ" ಅನ್ನಲು 42 ದಿನ ಕಾಯಬೇಕು. ಮಾರ್ಚ್ ಕೊನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಿದ್ದಾಗ ಮೊಬೈಲಿಗೆ ಬಂತು. ಬೆಳೆದಿಲ್ಲ. ಕೂಡಲೇ ಅಪ್ಪನಿಗೆ ಹಚ್ಚಿದೆ. ಅತ್ತ ಕಡೆ ಹಮಾಲರ ಗದ್ದಲ, ಯಾರೋ ಸೀನುವ ಶಬ್ದ. ಪೂರ್ತಿ ಕೇಳಿಸಿಕೊಂಡು ಅಪ್ಪ ಅಂದ:

"ಅದಿರ್ಲಿ. ಬಾಯಾರ ತಗದದ್ದು 60. ಇದ್ದದ್ದು 400. ಉಳಿದ 340 ಎಲ್ಲಿ ಹೋತು?"

"ಮೈಯಾಗ ಇಂಗಿ ಹೋತಪ್ಪಾ."

"ಹಂಗಾದ್ರ ಒಣಗಿ ಕಮ್ಮಿ ಆದದ್ದು ಅಂತ ಬರಕೋತೀನಿ" ಅಂದು ಫೋನ್ ಇಟ್ಟ. ಗಾಡಿ ಬಂದಿತ್ತಂತೆ.